ಡೊಂಕಿಗೆ ಚಕ್ರಬಡ್ಡಿ

ಗಂಗಾವತಿ ಊರ ಹೊರಗಿನ ಒಂದು ಭತ್ತದ ಗೋದಾಮು. ಅಂಗಳದಲ್ಲಿ 12 ಉಕ್ಕಿನ ಪೈಪುಗಳು ಸಾಲಾಗಿ ಮಲಗಿದ್ದವು. ಒಳಗೆ ಚೀಲಗಳಿಗೆಂದು ಒಂದು ಅಟ್ಟ ಕಟ್ಟಿಸಬೇಕು, ಅದನ್ನು ಹೊರಲು ಈ ಪೈಪುಗಳೇ ಕಂಬ. ಟ್ರ್ಯಾಕ್ಟರಿನಿಂದ ಇಳಿಸುವಾಗ ಅವುಗಳಲ್ಲಿ ಒಂದು ಕೈಜಾರಿ ಬಂಡೆಯ ಅಂಚಿಗೆ ಬಡಿದಿತ್ತು. ಗೋದಾಮಿನ ಯಜಮಾನರನ್ನು ನಾನು ಕಾಕಾ ಎಂದೇ ಕರೆಯುವುದು. ಅವರು ಆ ಪೈಪನ್ನು ಕಾಲಿನಿಂದ ಒಮ್ಮೆ ಉರುಳಿಸಿ ಕೇಳಿದರು: "ತಮ್ಮಾ, ಸ್ವಲ್ಪ ಡೊಂಕಾಗಿದೆ. ನಡೆಯುತ್ತದೆಯೋ ಇಲ್ಲವೋ, ಹೇಳು."

ಕಟ್ಟಡಗಳ ಲೆಕ್ಕ ಹಾಕಿಕೊಡುವುದೇ ನನ್ನ ಹೊಟ್ಟೆಪಾಡು. ಆದರೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರಲಿಲ್ಲ. ಪೈಪಿನ ಎರಡು ತುದಿಗೂ ದಾರ ಬಿಗಿದು ಹಿಡಿದೆವು. ನಟ್ಟನಡುವೆ ದಾರಕ್ಕೂ ಪೈಪಿಗೂ 10 ಮಿಲಿಮೀಟರ್ ಸಂದು ಇತ್ತು. ನಾಲ್ಕು ಮೀಟರ್ ಉದ್ದದ ಪೈಪಿಗೆ 10 ಮಿ.ಮೀ. ಎಂದರೆ ನಾನೂರರಲ್ಲಿ ಒಂದು ಪಾಲು. ನಿಲ್ಲಿಸಿದ ಮೇಲೆ ದೂರದಿಂದ ನೋಡಿದವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಗೌಂಡಿಯಂತೂ "ಇಷ್ಟಕ್ಕೆಲ್ಲ ಏನಾಗುತ್ತದೆ ಸಾಹೇಬರೇ" ಎಂದು ನಕ್ಕುಬಿಟ್ಟ. ಆ ನಗುವಿಗೆ ಲೆಕ್ಕದಲ್ಲಿ ಎಷ್ಟು ಆಧಾರವಿದೆ ಎಂಬುದೇ ಈ ಬರಹದ ವಿಷಯ.

ಮೇಲಿನಿಂದ ಭಾರ ಬಿದ್ದಾಗ ಕಂಬ ಸೋಲುವುದು ಎರಡು ಬಗೆಯಲ್ಲಿ. ಕುಳ್ಳಗೆ ದಪ್ಪಗಿದ್ದರೆ ಅದು ನಿಂತಲ್ಲಿಯೇ ಜಜ್ಜಿಹೋಗುತ್ತದೆ. ಉದ್ದವಾಗಿ ತೆಳ್ಳಗಿದ್ದರೆ ಜಜ್ಜಿಹೋಗುವ ಮಟ್ಟ ಮುಟ್ಟುವ ಎಷ್ಟೋ ಮೊದಲೇ ಪಕ್ಕಕ್ಕೆ ಸರಿದು, ನಡು ಬಳುಕಿ, ಭಾರ ಹೊರುವ ಕೆಲಸ ಬಿಟ್ಟುಬಿಡುತ್ತದೆ. ಇಂಜಿನಿಯರುಗಳು ಇದನ್ನು ಬಕ್ಲಿಂಗ್ ಎನ್ನುತ್ತಾರೆ. ನನಗೆ ನಮ್ಮ ಬಳುಕು ಎಂಬ ಪದವೇ ಹೆಚ್ಚು ಒಪ್ಪಿಗೆ. ಬಾಗುವುದಕ್ಕೂ ಬಳುಕುವುದಕ್ಕೂ ವ್ಯತ್ಯಾಸ ಕನ್ನಡದ ಕಿವಿಗೆ ತಾನಾಗಿ ತಿಳಿಯುತ್ತದೆ. ಬಾಗಿಸಲು ಪಕ್ಕದಿಂದ ಯಾರಾದರೂ ತಳ್ಳಬೇಕು, ಬಳುಕಲು ತೆಳ್ಳಗಿದ್ದರೆ ಸಾಕು.

ಮನೆಯಲ್ಲಿಯೇ ಇದನ್ನು ನೋಡಬಹುದು. ಮಕ್ಕಳ ಕಂಪಾಸಿನ ಜೊತೆ ಬರುವ ಒಂದು ಅಡಿಯ ಸ್ಟೀಲ್ ಸ್ಕೇಲು, ಅಡುಗೆಮನೆಯ ತೂಕದ ಯಂತ್ರ, ಎರಡೇ ಸಾಕು. ಸ್ಕೇಲನ್ನು ಯಂತ್ರದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲ್ತುದಿಯನ್ನು ಅಂಗೈಯಿಂದ ಒತ್ತಿ. ಸ್ಕೇಲು 25 ಮಿ.ಮೀ. ಅಗಲ, 1 ಮಿ.ಮೀ. ದಪ್ಪ, 300 ಮಿ.ಮೀ. ಉದ್ದವಿದ್ದರೆ ಯಂತ್ರದ ಅಂಕಿ ನಾಲ್ಕೂವರೆ ಕೆಜಿಯ ಆಸುಪಾಸಿಗೆ ಬಂದು ಅಲ್ಲಿಯೇ ತಡವರಿಸುತ್ತದೆ. ನಿಮ್ಮ ಕೈ ಕೆಳಗಿಳಿಯುತ್ತದೆ, ಸ್ಕೇಲು ಬಿಲ್ಲಾಗುತ್ತದೆ, ಅಂಕಿ ಮಾತ್ರ ಏರುವುದಿಲ್ಲ. ಇದೇ ಸ್ಕೇಲಿನ ಉಕ್ಕನ್ನು ಜಜ್ಜಬೇಕಾದರೆ, ಸಾಧಾರಣ ಉಕ್ಕಿನ ಲೆಕ್ಕ ಹಿಡಿದರೂ, 600 ಕೆಜಿಗಿಂತ ಹೆಚ್ಚು ಬೇಕು. ಆರುನೂರರ ಶಕ್ತಿಯುಳ್ಳದ್ದು ನಾಲ್ಕೂವರೆಗೆ ಮಣಿದದ್ದಕ್ಕೆ ಉಕ್ಕು ಕಾರಣವಲ್ಲ, ಆಕಾರ ಕಾರಣ.

ಇದರ ಲೆಕ್ಕವನ್ನು 1744ರಲ್ಲಿ ಕೊಟ್ಟವನು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಅದಕ್ಕೂ ಮೊದಲು, 1729ರಲ್ಲಿ, ಡಚ್ ವಿಜ್ಞಾನಿ ಮುಶೆನ್‌ಬ್ರೋಕ್ ಮರದ ಕಡ್ಡಿಗಳನ್ನು ಒತ್ತಿ ಒತ್ತಿ ಒಂದು ಸಂಗತಿ ಕಂಡುಕೊಂಡಿದ್ದ: ಉದ್ದ ಎರಡು ಪಟ್ಟಾದರೆ ಹೊರುವ ಭಾರ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಆಯ್ಲರನ ಸೂತ್ರ ಇದಕ್ಕೆ ಕಾರಣ ಕೊಟ್ಟಿತು. ಕಂಬ ಬಳುಕುವ ಭಾರವು ಅದರ ಉದ್ದದ ವರ್ಗಕ್ಕೆ ವಿಲೋಮ. ಅದು ವಸ್ತುವಿನ ಬಿಗಿತವನ್ನೂ (ಅಂದರೆ ಒತ್ತಿದರೆ ಅದು ಎಷ್ಟು ಮಣಿಯುತ್ತದೆ ಎಂಬುದನ್ನೂ) ಅಡ್ಡಕೊಯ್ತದ ಆಕಾರವನ್ನೂ ಅವಲಂಬಿಸಿದೆ. ವಸ್ತು ಎಷ್ಟು ಗಟ್ಟಿ, ಅಂದರೆ ಎಷ್ಟಕ್ಕೆ ಜಜ್ಜಿಹೋಗುತ್ತದೆ, ಎಂಬ ಮಾತು ಆ ಸೂತ್ರದಲ್ಲಿ ಎಲ್ಲಿಯೂ ಇಲ್ಲ! ದುಬಾರಿ ಗಟ್ಟಿ ಉಕ್ಕು ತಂದು ತೆಳ್ಳನೆಯ ಕಂಬ ಮಾಡಿದರೆ ಕೊಟ್ಟ ಹಣ ದಂಡ. ಯಾವ ಉಕ್ಕಾದರೂ ಬಿಗಿತ ಹೆಚ್ಚುಕಡಿಮೆ ಒಂದೇ, ಚದರ ಮಿಲಿಮೀಟರಿಗೆ 2 ಲಕ್ಷ ನ್ಯೂಟನ್.

ಆಕಾರದ ಪಾಠ ಬೇಕಿದ್ದರೆ ರಾಯಚೂರಿನ ಕಪ್ಪು ನೆಲದ ಯಾವುದಾದರೂ ಜೋಳದ ಹೊಲಕ್ಕೆ ಹೋಗಬೇಕು. ದಂಟನ್ನು ಸೀಳಿ ನೋಡಿ: ಗಟ್ಟಿಯಾದ ಸಿಪ್ಪೆಯೆಲ್ಲ ಹೊರಗೆ, ಒಳಗೆ ಬರೀ ಬೆಂಡು. ಇರುವಷ್ಟು ಗಟ್ಟಿ ವಸ್ತುವನ್ನು ನಡುವಿನಿಂದ ಆದಷ್ಟು ದೂರ ಇಟ್ಟರೆ ಬಳುಕು ಕಡಿಮೆ. ಆಳೆತ್ತರಕ್ಕೂ ಮೀರಿ ಬೆಳೆದು, ತುದಿಯಲ್ಲಿ ತೆನೆಯ ಭಾರ ಹೊತ್ತು, ಗಾಳಿಗೆ ತೂಗಿ ಮತ್ತೆ ನೆಟ್ಟಗಾಗುವ ಆ ದಂಟು ಪೈಪಿನ ತತ್ವವನ್ನು ನಮಗಿಂತ ಮೊದಲೇ ಅರಿತಿದೆ.

ಇಷ್ಟು ಎಲ್ಲ ಪಠ್ಯಪುಸ್ತಕದಲ್ಲಿಯೂ ಇದೆ. ಆದರೆ ಪಠ್ಯಪುಸ್ತಕದ ಆ ಕಂಬ ದಾರದಷ್ಟು ನೇರ, ಭಾರ ಅದರ ನಡುಗೆರೆಯ ಮೇಲೆಯೇ ಇಳಿಯುತ್ತದೆ, ಉಕ್ಕಿನ ಒಳಗೆ ಯಾವ ಮುನಿಸೂ ಇಲ್ಲ. ಅಂಥ ಕಂಬ ಭಾರ ಏರುತ್ತಾ ಹೋದರೂ ಅಲುಗದೆ ನಿಂತಿದ್ದು, ಆಯ್ಲರನ ಭಾರ ಬಂದ ಗಳಿಗೆಯಲ್ಲಿ ಒಮ್ಮೆಲೇ ಪಕ್ಕಕ್ಕೆ ಹೊರಳುತ್ತದೆ. ವಿದ್ಯಾರ್ಥಿಗಳ ತಲೆಯಲ್ಲಿ ಉಳಿಯುವುದು ಈ ನಾಟಕೀಯ ಚಿತ್ರವೇ. ನಾನೂ ಓದುವಾಗ ಹಾಗೆಯೇ ನಂಬಿದ್ದೆ. ಅಂಥ ಕಂಬವನ್ನು ಈವರೆಗೆ ನಾನು ಕಂಡಿಲ್ಲ. ನಿಜವಾದ ಕಂಬ ಮೊದಲ ಚೀಲ ಇಟ್ಟಾಗಲೇ ಬಾಗಲು ಶುರುಮಾಡುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಕಾಕಾ ಅವರಿಗೆ ಇದನ್ನು ಹೇಳುವಾಗ ಸೂತ್ರ ಬರೆದರೆ ಉಪಯೋಗವಿರಲಿಲ್ಲ. ಆದರೆ ಅವರು ನಲವತ್ತು ವರ್ಷ ಲೇವಾದೇವಿ ಕಂಡವರು. "ಕಾಕಾ, ಈ 10 ಮಿ.ಮೀ. ಡೊಂಕು ಅಸಲು ಎಂದುಕೊಳ್ಳಿ" ಎಂದೆ. ಪೈಪಿನ ನಡು ದಾರದಿಂದ 10 ಮಿ.ಮೀ. ಆಚೆ ಇದೆ. ಮೇಲಿನ ಭಾರ ದಾರದ ಗುಂಟ ನೇರ ಕೆಳಗಿಳಿಯುತ್ತದೆ. ಹಾಗಾದರೆ ನಡುವಿನಲ್ಲಿ ಆ ಭಾರಕ್ಕೆ 10 ಮಿ.ಮೀ. ಉದ್ದದ ಸನ್ನೆಗೋಲು ಸಿಕ್ಕಂತಾಯಿತು, ಅದು ಪೈಪನ್ನು ಇನ್ನಷ್ಟು ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆ? ಈಗಿರುವ ಭಾರ ಆಯ್ಲರನ ಭಾರದ ಎಷ್ಟನೇ ಪಾಲೋ, ಡೊಂಕಿನ ಅಷ್ಟೇ ಪಾಲು. ಭಾರ ಅರ್ಧದಷ್ಟಿದ್ದರೆ 5 ಮಿ.ಮೀ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊಸದಾಗಿ ಬಂದ 5 ಮಿ.ಮೀ. ಕೂಡ ಸನ್ನೆಗೋಲೇ, ಅದು ಎರಡೂವರೆ ಮಿ.ಮೀ. ತರುತ್ತದೆ. ಎರಡೂವರೆ ಒಂದೂಕಾಲನ್ನು ತರುತ್ತದೆ. ಎಲ್ಲ ಕೂಡಿಸಿದರೆ 20 ಮಿ.ಮೀ.ಗೆ ಬಂದು ನಿಲ್ಲುತ್ತದೆ, ಅಂದರೆ ಅಸಲಿನ ಎರಡು ಪಟ್ಟು.

"ಇದು ಚಕ್ರಬಡ್ಡಿಯಲ್ಲವೇ?" ಎಂದರು ಕಾಕಾ.

ಚಕ್ರಬಡ್ಡಿಯೇ, ಬಡ್ಡಿಯ ದರ ಮಾತ್ರ ಭಾರದ ಜೊತೆಗೆ ಏರುತ್ತದೆ. ಭಾರ ಆಯ್ಲರನ ಭಾರದ ಮುಕ್ಕಾಲು ಆದರೆ ಡೊಂಕು ನಾಲ್ಕು ಪಟ್ಟು. ಹತ್ತರಲ್ಲಿ ಒಂಬತ್ತು ಪಾಲಾದರೆ ಹತ್ತು ಪಟ್ಟು. ಭಾರ ಆಯ್ಲರನ ಭಾರಕ್ಕೇ ಸಮವಾದರೆ ಪ್ರತಿ ಸುತ್ತಿನಲ್ಲಿಯೂ 10ಕ್ಕೆ ಮತ್ತೆ 10, ಮತ್ತೆ 10, ಕೊನೆಯೇ ಇಲ್ಲ. ಹೀಗೆ ನೋಡಿದಾಗ ಆಯ್ಲರನ ಭಾರದ ಅರ್ಥವೇ ಬದಲಾಗುತ್ತದೆ. ಅದು ಕಂಬ ಒಮ್ಮೆಲೇ ಹೊರಳುವ ಮುಹೂರ್ತವಲ್ಲ. ಬಡ್ಡಿ ಅಸಲಿನಷ್ಟೇ ಆಗುವ ದರ, ಯಾವ ಸಾಲಗಾರನೂ ತೀರಿಸಲಾಗದ ದರ. ಡೊಂಕು ಭಾರದೊಡನೆ ಹೀಗೆ ಬೆಳೆಯುವುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1807ರಷ್ಟು ಹಿಂದೆಯೇ ಬರೆದಿದ್ದ, ಬಹುಕಾಲ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಈಗ ಕಾಕಾ ಅವರ ಪೈಪಿನ ಲೆಕ್ಕ. ಹೊರ ವ್ಯಾಸ 114 ಮಿ.ಮೀ., ತಗಡಿನ ದಪ್ಪ ನಾಲ್ಕೂವರೆ ಮಿ.ಮೀ., ಎತ್ತರ ನಾಲ್ಕು ಮೀಟರ್. ತುದಿಗಳು ಪಕ್ಕಕ್ಕೆ ಸರಿಯದಂತೆ ಹಿಡಿದಿವೆ, ಆದರೆ ತಿರುಗದಂತೆ ಬಿಗಿದಿಲ್ಲ ಎಂದು ಇಟ್ಟುಕೊಂಡೆ. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕೆಜಿ, ಆದ್ದರಿಂದ ಟನ್ನುಗಳನ್ನು ಬಿಟ್ಟು ಚೀಲಗಳಲ್ಲಿಯೇ ಹೇಳುತ್ತೇನೆ. ಪೈಪಿನ ಉಕ್ಕು ಜಜ್ಜಿಹೋಗಲು ಸುಮಾರು 530 ಚೀಲ ಬೇಕು. ಪೈಪು ದಾರದಷ್ಟು ನೇರವಿದ್ದರೆ ಆಯ್ಲರನ ಲೆಕ್ಕದಲ್ಲಿ ಸುಮಾರು 390 ಚೀಲಕ್ಕೆ ಬಳುಕುತ್ತದೆ. ಇವೆರಡೂ ಕಾಗದದ ಮೇಲಿನ ಅಂಕಿಗಳು.

10 ಮಿ.ಮೀ. ಡೊಂಕಿನ ಪೈಪಿನಲ್ಲಿ ನಡೆಯುವುದು ಬೇರೆಯೇ. ಅದರ ನಡುವಿನ ಉಕ್ಕು ಎರಡು ಹೊರೆ ಹೊರುತ್ತದೆ: ಮೇಲಿನಿಂದ ಬಂದ ನೇರ ಒತ್ತಡ ಒಂದು, ಡೊಂಕಿನಿಂದ ಹುಟ್ಟಿದ ಬಾಗುವಿಕೆಯ ಒತ್ತಡ ಇನ್ನೊಂದು. ಡೊಂಕಿನ ಒಳಬದಿಯಲ್ಲಿ ಇವೆರಡೂ ಕೂಡಿಕೊಳ್ಳುತ್ತವೆ. 200 ಚೀಲ ಏರಿದಾಗ ಡೊಂಕು 20 ಮಿ.ಮೀ. ದಾಟಿರುತ್ತದೆ. ಸುಮಾರು 250 ಚೀಲಕ್ಕೆ ಒಳಬದಿಯ ಉಕ್ಕು ತನ್ನ ಮಿತಿ ಮುಟ್ಟುತ್ತದೆ. ಅಲ್ಲಿಂದಾಚೆಗೆ ಅದು ಸ್ಪ್ರಿಂಗಿನಂತೆ ಹಿಂದೆ ಬರುವುದಿಲ್ಲ, ಹದಗೆಟ್ಟ ಜೇಡಿಯಂತೆ ಸರಿಯತೊಡಗುತ್ತದೆ. ಪೈಪಿನ ಬಿಗಿತವೇ ಕುಂದುತ್ತದೆ, ಬಿಗಿತ ಕುಂದಿದ್ದರಿಂದ ಬಡ್ಡಿ ಇನ್ನೂ ಏರುತ್ತದೆ. ಕಾಗದದ 390ರಲ್ಲಿ 140 ಚೀಲ ಈ ಡೊಂಕಿಗೆ ಹೋಯಿತು. ಕಲ್ಲಿಗೆ ಬಡಿಯದೆ ಇದ್ದು ಬರೀ 4 ಮಿ.ಮೀ. ಡೊಂಕು ಇದ್ದಿದ್ದರೆ ಸುಮಾರು 310 ಚೀಲ ತಡೆಯುತ್ತಿತ್ತು. ಉದ್ದದ ಸಾವಿರದಲ್ಲಿ ಒಂದು ಪಾಲಿನ ಡೊಂಕನ್ನು ಉಕ್ಕಿನ ಕೆಲಸದಲ್ಲಿ ಯಾರೂ ತಪ್ಪು ಎನ್ನುವುದೂ ಇಲ್ಲ.

ಎಲ್ಲ ಕಂಬಗಳೂ ಡೊಂಕಿಗೆ ಹೀಗೆ ಹೆದರುವುದಿಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅಲ್ಲಿನ ಬಳಪದ ಕಲ್ಲಿನ ಕಂಬಗಳನ್ನು ಚರಕಿ ಹಿಡಿದಂತೆ ತಿರುಗಿಸಿ ಕಡೆದಿದ್ದಾರೆ, ಕೆಲವು ಕಡೆ ಹೊಳಪು ಇನ್ನೂ ಮುಖ ತೋರಿಸುತ್ತದೆ. ಎಷ್ಟು ನಾಜೂಕಾಗಿ ಕಂಡರೂ ಅವು ಕುಳ್ಳ ಕಂಬಗಳು, ಎತ್ತರವನ್ನು ದಪ್ಪದಿಂದ ಭಾಗಿಸಿದರೆ ಒಂದಂಕಿಯ ಉತ್ತರ ಬರುತ್ತದೆ. ಅಂಥ ಕಂಬಕ್ಕೆ ಆಯ್ಲರನ ಭಾರ ಆಕಾಶದಲ್ಲಿದೆ, ಬಡ್ಡಿಯ ದರ ಸೊನ್ನೆಗೆ ಹತ್ತಿರ. ಶಿಲ್ಪಿಯ ಕೈ ಒಂದು ಕೂದಲೆಳೆ ತಪ್ಪಿದ್ದರೂ ಒಂಬತ್ತು ನೂರು ವರ್ಷ ಏನೂ ಆಗುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಸೈಕಲ್ಲಿನ ಕಡ್ಡಿಯಂಥ ತೀರ ತೆಳ್ಳನೆಯವು. ಅವು ಎಷ್ಟು ಕಡಿಮೆ ಭಾರಕ್ಕೆ ಬಳುಕುತ್ತವೆಂದರೆ ಉಕ್ಕಿನ ಮಿತಿ ದೂರವೇ ಉಳಿದಿರುತ್ತದೆ, ಸಣ್ಣ ಡೊಂಕು ಹೆಚ್ಚೇನೂ ಕಸಿಯುವುದಿಲ್ಲ. ಡೊಂಕಿನ ಪೂರ್ತಿ ಪೆಟ್ಟು ಬೀಳುವುದು ನಡುವಿನವುಗಳ ಮೇಲೆ, ಜಜ್ಜಿಹೋಗುವ ಭಾರವೂ ಬಳುಕುವ ಭಾರವೂ ಹತ್ತಿರ ಹತ್ತಿರ ಇರುವ ಕಂಬಗಳ ಮೇಲೆ. ನಾವು ದಿನನಿತ್ಯ ನಿಲ್ಲಿಸುವ ಶೆಡ್ಡಿನ ಕಂಬ, ನೀರಿನ ಟ್ಯಾಂಕಿನ ಕಾಲು, ಗಿರಣಿಯ ಅಟ್ಟದ ಪೈಪು ಬಹುಪಾಲು ಈ ಜಾತಿಯವೇ. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಅದೃಷ್ಟ ಬೇಕಿಲ್ಲ.

ಕಣ್ಣಿಗೆ ಕಾಣದ ಡೊಂಕೂ ಇದೆ. ಉಕ್ಕನ್ನು ಕಾಯಿಸಿ ಉರುಳೆಗಳ ನಡುವೆ ಹಾಯಿಸಿ ಐ ಆಕಾರದ ತೊಲೆ ಮಾಡುತ್ತಾರೆ. ತಣ್ಣಗಾಗುವಾಗ ಅಂಚುಗಳಿಗೆ ಗಾಳಿ ಚೆನ್ನಾಗಿ ತಾಗಿ ಅವು ಮೊದಲು ತಣಿಯುತ್ತವೆ. ಅಂಚು ನಡುಪಟ್ಟಿಗೆ ಕೂಡುವ ದಪ್ಪನೆಯ ಜಾಗಗಳು ಕೊನೆಗೆ ತಣಿದು ಕುಗ್ಗುವಾಗ ಆಗಲೇ ಗಟ್ಟಿಯಾಗಿರುವ ಅಂಚುಗಳನ್ನು ತಮ್ಮೊಡನೆ ಎಳೆಯುತ್ತವೆ. ಹೀಗಾಗಿ ಒಂದು ಕೆಜಿ ಭಾರ ಹೊರಿಸುವ ಮೊದಲೇ ಅಂಚುಗಳು ಒತ್ತಡದಲ್ಲಿರುತ್ತವೆ. ಬಳ್ಳಾರಿಯ ಅಂಗಡಿಯಲ್ಲಿ ಹೊಚ್ಚಹೊಸದಾಗಿ, ನೇರವಾಗಿ ಮಲಗಿರುವ ತೊಲೆಯ ಒಳಗೂ ಈ ಹಳೆಯ ಸಾಲ ಇದ್ದೇ ಇರುತ್ತದೆ. ಬೆಸುಗೆ ಹಾಕಿ ಮಾಡಿದ ಕಂಬಗಳಲ್ಲಿಯೂ ಇದೇ ಕಥೆ, ದಪ್ಪ ತಗಡಾದರೆ ಇನ್ನೂ ಜೋರು. ಇದರ ಮೇಲೆ ಭಾರ ನಟ್ಟನಡುವೆ ಇಳಿಯದ ದೋಷ ಬೇರೆ. ತೊಲೆಯೊಂದು ಕಂಬದ ತಲೆಯ ಒಂದು ಬದಿಗೆ ಕೂತರೆ ನೇರ ಕಂಬವೂ ಡೊಂಕು ಕಂಬದಂತೆಯೇ ವರ್ತಿಸುತ್ತದೆ.

ಇಷ್ಟೆಲ್ಲ ದೋಷಗಳನ್ನು ಒಂದೊಂದಾಗಿ ಅಳೆಯುತ್ತ ಕುಳಿತರೆ ಯಾವ ಕಟ್ಟಡವೂ ಮೇಲೇಳದು. ಏರ್ಟನ್ ಮತ್ತು ಪೆರ್ರಿ ಎಂಬಿಬ್ಬರು 1886ರಲ್ಲಿ ಒಂದು ಜಾಣತನ ಮಾಡಿದರು. ಎಲ್ಲ ದೋಷಗಳೂ ಸೇರಿ ಒಂದೇ ಒಂದು ಡೊಂಕು ಎಂದು ಭಾವಿಸಿ, ಒಳಬದಿಯ ಉಕ್ಕು ಯಾವಾಗ ಮಿತಿ ಮುಟ್ಟುತ್ತದೆ ಎಂದು ಲೆಕ್ಕ ಹಾಕಿದರು, ನಾನು ಮೇಲೆ ಪೈಪಿಗೆ ಹಾಕಿದಂತೆಯೇ. ಆ ಡೊಂಕು ಎಷ್ಟಿರಬೇಕೆಂಬುದನ್ನು 1925ರಲ್ಲಿ ಆಂಡ್ರ್ಯೂ ರಾಬರ್ಟ್‌ಸನ್ ಪ್ರಯೋಗಗಳಿಂದ ಗೊತ್ತುಮಾಡಿದ. ನಂತರ ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ಕಂಬಗಳನ್ನು ಒತ್ತಿ ಮುರಿದು ನೋಡಿ, ಕಂಬ ಎಷ್ಟು ತೆಳ್ಳಗಿದ್ದರೆ ಎಷ್ಟು ಹೊರುತ್ತದೆ ಎಂದು ತೋರಿಸುವ ಒಂದೇ ಗೆರೆ ಎಲ್ಲಕ್ಕೂ ಹೊಂದುವುದಿಲ್ಲ ಎಂದು ತೀರ್ಮಾನಿಸಿದರು.

ನಮ್ಮ ದೇಶದ ಉಕ್ಕಿನ ಸಂಹಿತೆ, ಅಂದರೆ ಉಕ್ಕಿನ ಕಟ್ಟಡಗಳ ನಿಯಮಪುಸ್ತಕ, ಐಎಸ್ 800. ಅದರ 1984ರ ಆವೃತ್ತಿಯಲ್ಲಿ ಎಲ್ಲ ಕಂಬಗಳಿಗೂ ಒಂದೇ ಸೂತ್ರವಿತ್ತು. 2007ರದ್ದು ಕಂಬಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗ ಮಾಡಿ, ಪ್ರತಿ ವರ್ಗಕ್ಕೂ ದೋಷದ ಒಂದು ಅಂಕಿ ಕೊಟ್ಟಿದೆ: 0.21, 0.34, 0.49, 0.76. ಬಿಸಿಯಾಗಿ ತಯಾರಾದ ಪೈಪು ಎ ವರ್ಗ, ದಪ್ಪ ತಗಡುಗಳನ್ನು ಬೆಸೆದು ಮಾಡಿದ ಕಂಬ ಕೆಳಗಿನ ವರ್ಗಗಳಿಗೆ ಇಳಿಯುತ್ತದೆ. ನಮ್ಮ ಪೈಪಿನಷ್ಟೇ ತೆಳುವಾದ ಕಂಬವೊಂದು ಎ ವರ್ಗದಲ್ಲಿದ್ದರೆ ಜಜ್ಜಿಹೋಗುವ ಭಾರದ ಶೇ. 56ರಷ್ಟನ್ನು, ಡಿ ವರ್ಗದಲ್ಲಿದ್ದರೆ ಶೇ. 39ರಷ್ಟನ್ನು ಮಾತ್ರ ನಂಬಬಹುದು. ಸುರಕ್ಷೆಯ ಭಾಗಾಕಾರ ಅದಾದ ಮೇಲೆ. ವಿನ್ಯಾಸ ಮಾಡುವ ಹುಡುಗರು ಕಂಪ್ಯೂಟರಿನಲ್ಲಿ ವರ್ಗದ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ಒತ್ತಿಬಿಡುವುದನ್ನು ನೋಡಿದ್ದೇನೆ. ಆ ಒಂದು ಅಕ್ಷರದಲ್ಲಿ ಇಷ್ಟು ಚೀಲಗಳು ಕುಳಿತಿವೆ ಎಂದು ತಿಳಿದರೆ ಬೆರಳು ತುಸು ತಡೆಯುತ್ತಿತ್ತೇನೋ.

ಕಾಂಕ್ರೀಟಿನ ಸಂಹಿತೆ ಐಎಸ್ 456 ಇದನ್ನೇ ಇನ್ನೂ ನೇರವಾಗಿ ಹೇಳುತ್ತದೆ. ನೀವು ಎಷ್ಟೇ ಚೆನ್ನಾಗಿ ಕಟ್ಟಿ, ಭಾರ ಕನಿಷ್ಠ 20 ಮಿ.ಮೀ. ಪಕ್ಕಕ್ಕೆ ಸರಿದಿದೆ ಎಂದೇ ಲೆಕ್ಕ ಹಾಕಬೇಕು. ಅದು ಗೌಂಡಿಯ ಮೇಲಿನ ಅಪನಂಬಿಕೆಯಲ್ಲ, ತೂಗುಗುಂಡಿಗೂ ಕೈಗೂ ನಡುವೆ ಸದಾ ಇರುವ ಅಂತರದ ಒಪ್ಪಿಗೆ.

ಡೊಂಕನ್ನು ಕಂಡೂ ಬಡ್ಡಿಯನ್ನು ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಕ್ವಿಬೆಕ್ ಸೇತುವೆಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಸೇಂಟ್ ಲಾರೆನ್ಸ್ ನದಿಯ ಮೇಲೆ 549 ಮೀಟರ್ ಅಂತರವನ್ನು ಒಂದೇ ನೆಗೆತಕ್ಕೆ ದಾಟಬೇಕಿದ್ದ ಉಕ್ಕಿನ ಸೇತುವೆ ಅದು. ಮೊದಲು 488 ಮೀಟರ್ ಎಂದಿದ್ದುದನ್ನು ಆಮೇಲೆ ಹಿಗ್ಗಿಸಿದರು, ಆದರೆ ಸೇತುವೆಯ ಸ್ವಂತ ತೂಕದ ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ತಿದ್ದಲಿಲ್ಲ. 1907ರ ಆಗಸ್ಟಿನಲ್ಲಿ ಕೆಳಗಿನ ಒಂದು ಒತ್ತುಗಂಬ ಪಕ್ಕಕ್ಕೆ ಬಾಗಿರುವುದು ಕೆಲಸಗಾರರ ಕಣ್ಣಿಗೆ ಬಿತ್ತು. ಅಳೆದಾಗ 19 ಮಿ.ಮೀ. ಸುಮಾರು ಒಂದು ವಾರದ ನಂತರ ಅಳೆದಾಗ 57 ಮಿ.ಮೀ.

ಆಗ ನಡೆದ ವಾದವೇ ನನಗೆ ಇಡೀ ಕಥೆಯ ತಿರುಳು. ಅದು ಕಾರ್ಖಾನೆಯಿಂದ ಬರುವಾಗಲೇ ಡೊಂಕಿತ್ತು ಎಂದು ಕೆಲವರು ಪಟ್ಟು ಹಿಡಿದರು. ಇದ್ದಿರಬಹುದು! ಎಲ್ಲ ಕಂಬವೂ ಡೊಂಕೇ. ಆದರೆ ಕೇಳಬೇಕಿದ್ದ ಪ್ರಶ್ನೆ ಡೊಂಕು ಯಾವಾಗ ಹುಟ್ಟಿತು ಎಂಬುದಲ್ಲ, ಅದು ಬೆಳೆಯುತ್ತಿದೆಯೇ ಎಂಬುದು. ಒಂದು ವಾರದಲ್ಲಿ ಮೂರು ಪಟ್ಟಾದ ಅಸಲನ್ನು ಕಂಡ ಯಾವ ಸಾಹುಕಾರನೂ ಸುಮ್ಮನಿರುತ್ತಿರಲಿಲ್ಲ. ಸ್ಥಳದ ಇಂಜಿನಿಯರೊಬ್ಬರು ಸಲಹೆಗಾರ ಥಿಯೊಡರ್ ಕೂಪರ್ ಅವರನ್ನು ಕಾಣಲು ನ್ಯೂಯಾರ್ಕಿಗೆ ಹೋದರು. ಕೂಪರ್ ವಿಷಯ ತಿಳಿದ ಕೂಡಲೇ ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಎಂದು ತಂತಿ ಕಳಿಸಿದರು. ತಂತಿ ಹೋದದ್ದು ಗುತ್ತಿಗೆದಾರರ ಕಚೇರಿಗೆ, ಸೇತುವೆಯ ಬಳಿಗಲ್ಲ. ಅದೇ ದಿನ, ಆಗಸ್ಟ್ 29ರ ಸಂಜೆ, ಕೆಲಸ ಮುಗಿಸುವ ಹೊತ್ತಿಗೆ ಸೇತುವೆ ನದಿಗೆ ಬಿತ್ತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು.

ಆ ಒತ್ತುಗಂಬ ಒಂದೇ ಗಟ್ಟಿ ತುಂಡಾಗಿರಲಿಲ್ಲ. ನಾಲ್ಕು ಉದ್ದ ಫಲಕಗಳನ್ನು ಸಣ್ಣ ಓರೆಪಟ್ಟಿಗಳಿಂದ ಜೋಡಿಸಿ ಮಾಡಿದ್ದು. ಕಂಬ ಬಳುಕುವಾಗ ಫಲಕಗಳು ಒಂದರ ಪಕ್ಕ ಒಂದು ಜಾರಲು ನೋಡುತ್ತವೆ, ಅದನ್ನು ತಡೆಯುವ ಹೊಣೆ ಆ ಪಟ್ಟಿಗಳದ್ದು. ಅವು ಸಾಲದೇ ಹೋದವು. ಇಂದು ನಮ್ಮ ಐಎಸ್ 800 ಅಂಥ ಪಟ್ಟಿಗಳು ಕಂಬದ ಭಾರದ ಕನಿಷ್ಠ ಶೇ. 2.5ರಷ್ಟು ಅಡ್ಡಬಲವನ್ನು ತಡೆಯಬೇಕೆನ್ನುತ್ತದೆ. ನೇರ ಕಂಬದಲ್ಲಿ ಅಡ್ಡಬಲ ಸೊನ್ನೆ. ಡೊಂಕಿದೆ ಎಂದು ಒಪ್ಪಿಕೊಂಡರೆ ಮಾತ್ರ ಈ ನಿಯಮಕ್ಕೆ ಅರ್ಥ.

ಡೊಂಕಿನಿಂದ ಒಂದು ಉಪಕಾರವೂ ಉಂಟು, ಇದನ್ನು ಹೇಳದಿದ್ದರೆ ಅದಕ್ಕೆ ಅನ್ಯಾಯ. ಕಂಬ ಎಷ್ಟಕ್ಕೆ ಬಳುಕುತ್ತದೆ ಎಂದು ಅದನ್ನು ಮುರಿಯದೆ ತಿಳಿಯುವುದು ಹೇಗೆ? ಪೂರ್ತಿ ನೇರವಾದ ಕಂಬ ಕೊನೆಯ ಗಳಿಗೆಯವರೆಗೂ ಯಾವ ಸುಳಿವನ್ನೂ ಕೊಡುವುದಿಲ್ಲ. ಡೊಂಕು ಕಂಬ ಮೊದಲಿನಿಂದಲೂ ಮಾತಾಡುತ್ತಿರುತ್ತದೆ. ರಿಚರ್ಡ್ ಸೌತ್‌ವೆಲ್ 1932ರಲ್ಲಿ ಅದರ ಮಾತನ್ನು ಓದುವ ಉಪಾಯ ಹೇಳಿದ. ಭಾರ ಏರಿಸುತ್ತ ಹೆಚ್ಚಿದ ಡೊಂಕನ್ನು ಅಳೆಯಿರಿ, ಡೊಂಕನ್ನು ಭಾರದಿಂದ ಭಾಗಿಸಿ, ಆ ಉತ್ತರಗಳನ್ನು ಡೊಂಕಿನ ಎದುರು ಚುಕ್ಕಿ ಇಡಿ. ಚುಕ್ಕಿಗಳು ಒಂದು ಸರಳರೇಖೆಯಲ್ಲಿ ಬೀಳುತ್ತವೆ, ಆ ರೇಖೆಯ ಇಳಿಜಾರಿನಲ್ಲಿ ಆಯ್ಲರನ ಭಾರ ಅಡಗಿರುತ್ತದೆ.

ನಮ್ಮ ಪೈಪಿನಂಥದ್ದನ್ನೇ ತೆಗೆದುಕೊಳ್ಳಿ. 10 ಟನ್ನಿಗೆ ಡೊಂಕು 5.2 ಮಿ.ಮೀ. ಹೆಚ್ಚಿತು, 15 ಟನ್ನಿಗೆ 10.4 ಹೆಚ್ಚಿತು. ಭಾಗಿಸಿದರೆ 0.52 ಮತ್ತು 0.693. ಡೊಂಕಿನ ವ್ಯತ್ಯಾಸ 5.2 ಆಯಿತು, ಭಾಗಲಬ್ಧಗಳ ವ್ಯತ್ಯಾಸ 0.173. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 30 ಟನ್. ಸೂತ್ರದ ಉತ್ತರ 29.4 ಟನ್, ಅಂದರೆ ಮೇಲೆ ಹೇಳಿದ ಸುಮಾರು 390 ಚೀಲ. ಅರ್ಧ ದಾರಿಯವರೆಗೆ ಹೋಗಿ, ಕಂಬಕ್ಕೆ ಏನೂ ಮಾಡದೆ, ಅದರ ಕೊನೆಯನ್ನು ಓದಿ ವಾಪಸು ಬಂದೆವು. ಕಂಬ ಹೊರಳುವ ಮುಹೂರ್ತವನ್ನು ಹುಡುಕುತ್ತಿದ್ದವರಿಗೆ ಇದು ಹೊಳೆಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಗೋದಾಮಿಗೆ ಮರಳೋಣ. ಪೈಪು 250 ಚೀಲಕ್ಕೆ ಹದಗೆಡುತ್ತದೆ, ಹಾಗಾಗಿ 100 ಚೀಲದವರೆಗೆ ನಿಶ್ಚಿಂತೆ ಎಂದೆ. ಸುಗ್ಗಿಯಲ್ಲಿ 200 ಬೀಳುತ್ತದೆ ಎಂದರು ಕಾಕಾ. ಹಾಗಾದರೆ ಬದಲಾಯಿಸಿ, ಇಲ್ಲವೇ ನಡುವಿಗೆ ಅಡ್ಡಪಟ್ಟಿ ಕೊಟ್ಟು ಪಕ್ಕದ ಕಂಬಗಳಿಗೆ ಹಿಡಿಸಿ ಎಂದೆ. ಗೌಂಡಿ ತಟ್ಟನೆ ಒಪ್ಪಿಕೊಂಡ. ಸ್ಲ್ಯಾಬಿನ ಸೆಂಟ್ರಿಂಗ್ ನಿಲ್ಲಿಸುವಾಗ ಅವನು ಮಾಡುವುದೂ ಅದನ್ನೇ. ಸರ್ವೆ ಮರದ ಗಳಗಳಲ್ಲಿ ನೇರವಾದದ್ದು ಎಲ್ಲಿ ಸಿಗಬೇಕು? ಅರ್ಧ ಎತ್ತರದಲ್ಲಿ ಎರಡು ದಿಕ್ಕಿಗೂ ಅಡ್ಡಗಳ ಬಿಗಿದು ಕಟ್ಟುತ್ತಾನೆ. ಉದ್ದ ಅರ್ಧವಾಯಿತು, ಬಳುಕುವ ಭಾರ ನಾಲ್ಕು ಪಟ್ಟಾಯಿತು. ಮುಶೆನ್‌ಬ್ರೋಕ್ ಕಡ್ಡಿ ಒತ್ತಿ ಕಂಡದ್ದನ್ನು ಇವನು ಸುತಳಿಯಲ್ಲಿ ಗಂಟು ಹಾಕುತ್ತಿದ್ದಾನೆ. ಒಂದೇ ದಿಕ್ಕಿಗೆ ಕಟ್ಟಿದರೆ ಗಳ ಇನ್ನೊಂದು ದಿಕ್ಕಿಗೆ ಬಳುಕುತ್ತದೆ ಎಂಬುದೂ ಅವನಿಗೆ ಗೊತ್ತು.

ಆದರೆ ಅಡ್ಡಪಟ್ಟಿಯೆಂದರೆ ಖರ್ಚು. ನೋಡೋಣ ಎಂದರು ಕಾಕಾ. ಅಟ್ಟ ಎದ್ದಿತು. ಆ ಪೈಪಿಗೆ ಮೇಲಿನಿಂದ ಕೆಳಗೆ ದಾರ ಬಿಗಿದು, ನಡುವಿನಲ್ಲಿ ಸೀಮೆಸುಣ್ಣದಿಂದ 10 ಎಂದು ಬರೆದಿಟ್ಟೆ. ಕುತೂಹಲಕ್ಕೆ ಉಳಿದ 11 ಪೈಪುಗಳಿಗೂ ದಾರ ಹಿಡಿದೆವು. ಯಾವ ಕಲ್ಲಿಗೂ ಬಡಿಯದ, ಅಂಗಡಿಯಿಂದ ಬಂದ ಹಾಗೆಯೇ ಇದ್ದ ಪೈಪುಗಳು. 2 ಮಿ.ಮೀ., 1, 3, 2, ಒಂದರಲ್ಲಿ 4. ಸೊನ್ನೆ ಎಂದು ಬರೆಯುವ ಪೈಪು ಒಂದೂ ಸಿಗಲಿಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಆ ಪೈಪಿನ ಪಾಲಿಗೆ ಸುಮಾರು 60 ಚೀಲ ಏರಿತ್ತು. ಕಾಕಾ ತಾವೇ ಸ್ಕೇಲು ಹಿಡಿದು ಸಂದನ್ನು ಅಳೆದರು. 12ಕ್ಕೆ ಒಂದು ಕೂದಲು ಕಡಿಮೆ. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದರು. "ಬಡ್ಡಿ ಶುರುವಾಗಿದೆ" ಎಂದು ಸೀಮೆಸುಣ್ಣದ 10ರ ಕೆಳಗೆ 12 ಬರೆದು, ವೆಲ್ಡಿಂಗ್‌ನವನಿಗೆ ಫೋನ್ ಮಾಡಿದರು.